ರೈಲು ಟನಲ್ 57 ಕಿ.ಮೀ. ತನಕ ಹೋಗಿದೆ, ರಸ್ತೆ ಟನಲ್ ಯಾಕೆ 24ರಲ್ಲೇ ನಿಂತಿದೆ?

ಕತ್ತಲದಾರಿ:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೀತಿರೋ ಪ್ರಶ್ನೆ ಇದು, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಪ್ರಪಂಚದ ಅತಿ ಉದ್ದದ ಟನಲ್‌ಗಳ ಪಟ್ಟಿ ನೋಡ್ತಾ ಇದ್ದೆ. ರೈಲಿನದ್ರಲ್ಲಿ ಮೊದಲನೇದು ಸ್ವಿಟ್ಜರ್ಲೆಂಡಿನ ಗೋಥಾರ್ಡ್ ಬೇಸ್ ಟನಲ್, 57 ಕಿ.ಮೀ., ಆಮೇಲೆ ಜಪಾನಿನ ಸೇಕಾನ್ 53.85, ಅದಾದ್ಮೇಲೆ ಇಂಗ್ಲೆಂಡ್ ಫ್ರಾನ್ಸ್ ಮಧ್ಯದ ಚಾನೆಲ್ ಟನಲ್ 50 ಚಿಲ್ರೆ. ರಸ್ತೆ ಪಟ್ಟಿಗೆ ಬಂದ್ರೆ ನಾರ್ವೆಯ ಲೇರ್ಡಾಲ್ 24.5 ಕಿ.ಮೀ.ಗೇ ಮುಗೀತು, ಅದೂ 2000ನೇ ಇಸವೀಲಿ ಓಪನ್ ಆಗಿದ್ದು! ಇಷ್ಟು ವರ್ಷ ಆದ್ರೂ ಅದನ್ನ ದಾಟೋ ರಸ್ತೆ ಸುರಂಗ ಒಂದೂ ಬಂದಿಲ್ಲ. ಕೊರೆಯೋ ಬಂಡೆ ಅದೇ, ಸಿಡಿಮದ್ದು ಅದೇ, ಮತ್ತೆ ರೈಲಿಗೆ ಆಗೋದು ಕಾರಿಗೆ ಯಾಕೆ ಆಗಲ್ಲ?

ಇನ್ನೊಂದು ಗೊಂದಲ. ನೀರಿನ ಕೆಳಗಿನ ಅತಿ ಉದ್ದದ ಟನಲ್ ಯಾವ್ದು ಅಂದ್ರೆ ಒಂದು ಕಡೆ ಸೇಕಾನ್ ಅಂತ ಬರ್ದಿದಾರೆ, ಇನ್ನೊಂದು ಕಡೆ ಚಾನೆಲ್ ಅಂತಾರೆ. ಯಾವ್ದು ಸರಿ?

ಹಳಿಮೇಲೆ:

ಒಳ್ಳೆ ಪ್ರಶ್ನೆ. ರೈಲು ಟನಲ್ ಯಾಕೆ ಅಷ್ಟು ಉದ್ದ ಅನ್ನೋ ಅರ್ಧ ನಾನು ಹೇಳ್ತೀನಿ, ರಸ್ತೆದು ಬೇರೆ ಯಾರಾದ್ರೂ ಹೇಳಲಿ.

ರೈಲಿಗೆ ಏರು ಆಗಿ ಬರಲ್ಲ, ಎಲ್ಲದಕ್ಕೂ ಮೂಲ ಇದೇ. ಉಕ್ಕಿನ ಗಾಲಿ ಉಕ್ಕಿನ ಹಳಿ, ಹಿಡಿತ ಕಡಿಮೆ, ಕಿಲೋಮೀಟರಿಗೆ ಹತ್ತು ಹನ್ನೆರಡು ಮೀಟರ್ ಏರಿದ್ರೇನೇ ಭಾರದ ಗೂಡ್ಸ್ ಗಾಡಿ ಏದುಸಿರು ಬಿಡುತ್ತೆ. ಗೋಥಾರ್ಡ್‌ನಲ್ಲಿ 1882ರಲ್ಲೇ ಒಂದು ರೈಲು ಸುರಂಗ ಇತ್ತು, 15 ಕಿ.ಮೀ., ಆದ್ರೆ ಅದು ಇರೋದು ಸಮುದ್ರಮಟ್ಟದಿಂದ 1,100 ಮೀಟರ್ ಮೇಲೆ, ಅಲ್ಲೀವರೆಗೆ ರೈಲು ಬೆಟ್ಟ ಸುತ್ತಿ ಸುತ್ತಿ ಹತ್ತಬೇಕು, ಎಕ್ಸ್‌ಟ್ರಾ ಇಂಜಿನ್ ಬೇರೆ ಹಚ್ಚಬೇಕು. ಹೊಸದ್ರಲ್ಲಿ ಹತ್ತೋದೇ ಬೇಡ, ಬೆಟ್ಟದ ಬುಡದಲ್ಲೇ ತೂತು ಕೊರೆಯೋಣ ಅಂದ್ರು, ಅದಕ್ಕೇ 'ಬೇಸ್' ಟನಲ್ ಅನ್ನೋ ಹೆಸರು. ಅದರ ಅತಿ ಎತ್ತರದ ಜಾಗ ಸುಮಾರು 550 ಮೀಟರ್ ಅಷ್ಟೇ. ಬೆಟ್ಟ ಮೇಲೆ ಸಣ್ಣ, ಬುಡದಲ್ಲಿ ಅಗಲ ಅಲ್ವಾ, ಕೆಳಗೆ ಇಳಿದಷ್ಟೂ ಸುರಂಗ ಉದ್ದ ಆಗ್ತಾ ಹೋಗುತ್ತೆ. ಅಂದ್ರೆ ರೆಕಾರ್ಡ್ ಮಾಡೋಣ ಅಂತ ಯಾರೂ 57 ಕಿ.ಮೀ. ಕೊರೆದಿದ್ದಲ್ಲ, ಸಪಾಟು ದಾರಿ ಬೇಕು ಅಂದಿದ್ದಕ್ಕೆ ತೆತ್ತ ಬೆಲೆ ಅದು.

ಆ ಕೆಲಸದ ಬಗ್ಗೆ ಓದಿದಾಗೆಲ್ಲ ನಂಗೆ ಮೈ ಜುಂ ಅನ್ಸುತ್ತೆ. ಕೆಲವು ಕಡೆ ತಲೆ ಮೇಲೆ 2,300 ಮೀಟರ್ ಬಂಡೆ, ಒಳಗಿನ ಕಲ್ಲಿನ ಶಾಖ 45 ಡಿಗ್ರಿ, ಕೂಲಿಂಗ್ ಇಲ್ದೆ ಅಲ್ಲಿ ಕೆಲಸ ಮಾಡೋ ಹಾಗೇ ಇಲ್ಲ. ಬರೀ ಎರಡು ತುದಿಯಿಂದ ಕೊರೆದ್ರೆ ಮುಗಿಯಲ್ಲ ಅಂತ ಮಧ್ಯದಲ್ಲಿ ಸೆಡ್ರುನ್ ಅನ್ನೋ ಊರಿನ ಹತ್ರ 800 ಮೀಟರ್ ಆಳದ ಬಾವಿ ಇಳಿಸಿ ಅಲ್ಲಿಂದಾನೂ ಎರಡು ದಿಕ್ಕಿಗೆ ಕೊರೆದ್ರು. 2010ರ ಅಕ್ಟೋಬರ್ 15ಕ್ಕೆ ಮೊದಲನೇ ಕೊಳವೆ ಕೂಡಿದಾಗ ಎರಡು ಕಡೆಯವರ ಲೆಕ್ಕದಲ್ಲಿ ವ್ಯತ್ಯಾಸ ಬಂದಿದ್ದು ಪಕ್ಕಕ್ಕೆ 8 ಸೆಂ.ಮೀ., ಮೇಲೆ ಕೆಳಗೆ 1 ಸೆಂ.ಮೀ.! ಅಷ್ಟು ಉದ್ದ, ಒಳಗೆ ಜಿಪಿಎಸ್ ಇಲ್ಲ ಏನಿಲ್ಲ. 2016ರ ಜೂನ್ 1ಕ್ಕೆ ಓಪನ್ ಆಯ್ತು. ಒಂಬತ್ತು ಜನ ಕೆಲಸಗಾರರು ಜೀವ ಕೊಟ್ಟಿದಾರೆ. ಹಳೇ ಸುರಂಗದಲ್ಲಿ ಸತ್ತೋರು ಸುಮಾರು 200 ಜನ, ಅದರ ಕಂಟ್ರಾಕ್ಟರ್ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದ ಒಳಗೇ ಹೃದಯಾಘಾತ ಆಗಿ ತೀರ್ಕೊಂಡ್ರು, ಆಚೆ ಕಡೆ ಬೆಳಕು ಬಂದಿದ್ದನ್ನ ನೋಡೋಕೆ ಅವರಿಗೆ ಆಗ್ಲೇ ಇಲ್ಲ.

ಗಾಳಿಯಂತ್ರ:

ರಸ್ತೆದು ನಾನು ಹೇಳ್ತೀನಿ, ಟನಲ್ ವೆಂಟಿಲೇಶನ್ ಡಿಸೈನ್ ನನ್ನ ಕೆಲಸಾನೇ. ಒಂದೇ ಪದದಲ್ಲಿ ಹೇಳ್ಬೇಕಂದ್ರೆ ಗಾಳಿ. ಎರಡನೇ ಪದ ಬೇಕಂದ್ರೆ ಬೆಂಕಿ.

ಈಗ ಕಟ್ಟೋ ಈ ಉದ್ದದ ರೈಲು ಟನಲ್‌ಗಳಲ್ಲಿ ಓಡೋದು ಕರೆಂಟ್ ಗಾಡಿ, ಹೊಗೆ ಇಲ್ಲ. ಅದೂ ಅಲ್ದೆ ಸಣ್ಣ ಕೊಳವೇಲಿ ರೈಲು ಹೋಗೋದು ಪಿಚಕಾರಿ ಒಳಗೆ ದಂಟು ಸರಿದ ಹಾಗೆ, ಮುಂದಿನ ಗಾಳೀನ ತಾನೇ ತಳ್ಳಿಕೊಂಡು ಹೋಗುತ್ತೆ. ಚಾನೆಲ್ ಟನಲ್‌ನಲ್ಲಿ ಈ ಒತ್ತಡ ಜಾಸ್ತಿ ಆಯ್ತು ಅಂತಾನೇ ಪ್ರತಿ 250 ಮೀಟರಿಗೆ ಎರಡು ರೈಲು ಕೊಳವೆಗಳ ಮಧ್ಯೆ ಗಾಳಿ ದಾಟೋಕೆ ಅಡ್ಡ ಕೊಳವೆ ಇಟ್ಟಿದಾರೆ. ರಸ್ತೇಲಿ ಹಂಗಲ್ಲ, ಸಾವಿರಾರು ಇಂಜಿನ್, ಪ್ರತಿಯೊಂದೂ ಹೊಗೆ ಬಿಡುತ್ತೆ, ಟೈರಿನ ಧೂಳು ಬೇರೆ, ಸುರಂಗ ಉದ್ದ ಆದಷ್ಟೂ ಒಳಗೆ ಕೂಡಿಹಾಕೋ ಕೊಳೆ ಜಾಸ್ತಿ, ಅದನ್ನ ತಳ್ಳೋಕೆ ಗಾಳಿ ವೇಗ ಜಾಸ್ತಿ ಬೇಕು, ವೇಗ ಎರಡು ಪಟ್ಟು ಮಾಡಿದ್ರೆ ಫ್ಯಾನಿಗೆ ಬೇಕಾಗೋ ಪವರ್ ಎಂಟು ಪಟ್ಟು ಆಗುತ್ತೆ. ಹಂಗಾಗಿ ಒಂದು ಹಂತ ದಾಟಿದ್ಮೇಲೆ ಎರಡು ತುದಿಯಿಂದ ಗಾಳಿ ಊದಿದ್ರೆ ಸಾಲಲ್ಲ, ಮಧ್ಯದಲ್ಲಿ ಎಲ್ಲಾದ್ರೂ ಹೊರಗೆ ದಾರಿ ಬೇಕು. ಲೇರ್ಡಾಲ್‌ನಲ್ಲಿ ಪಕ್ಕದ ಕಣಿವೆಗೆ 2.1 ಕಿ.ಮೀ. ಉದ್ದದ ಇನ್ನೊಂದು ಸುರಂಗ ಬರೀ ಗಾಳಿಗೋಸ್ಕರ ಕೊರೆದಿದಾರೆ, ಜೊತೆಗೆ ಒಳಗೇ ಗಾಳಿ ತೊಳೆಯೋ ಪ್ಲಾಂಟ್ ಇದೆ, ಧೂಳನ್ನೂ ನೈಟ್ರೋಜನ್ ಡೈ ಆಕ್ಸೈಡನ್ನೂ ಹಿಡಿಯುತ್ತೆ. ಸಮುದ್ರದ ಕೆಳಗೆ ಇದ್ರೆ ಪಕ್ಕದ ಕಣಿವೆ ಎಲ್ಲಿಂದ ತರ್ತೀರಾ?

ಬೆಂಕಿ ಇನ್ನೂ ಕಷ್ಟದ್ದು. 1999ರ ಮಾರ್ಚ್ 24, ಫ್ರಾನ್ಸ್ ಇಟಲಿ ಮಧ್ಯದ ಮೋಂ ಬ್ಲಾಂ ಟನಲ್, 11.6 ಕಿ.ಮೀ. ಮಾರ್ಗರೀನ್, ಹಿಟ್ಟು ತುಂಬಿಕೊಂಡ ಲಾರಿಗೆ ಬೆಂಕಿ ಬಿತ್ತು. ಕೊಬ್ಬು ಹಿಟ್ಟು ಅಷ್ಟೇ, ಪೆಟ್ರೋಲ್ ಅಲ್ಲ ಏನಲ್ಲ, ಆದ್ರೂ ಬೆಂಕಿ ಐವತ್ತು ಗಂಟೆಗಿಂತ ಜಾಸ್ತಿ ಉರೀತು, 39 ಜನ ಹೋದ್ರು. ತುಂಬಾ ಜನ ಕಾರಿನ ಒಳಗೇ, ಹೊಗೆಗೆ. ಅಲ್ಲಿದ್ದ ಆಶ್ರಯ ಕೋಣೆಗಳು ಎರಡು ಗಂಟೆ ತಡೆಯೋಕೆ ಅಂತ ಕಟ್ಟಿದ್ದು. 2001ರಲ್ಲಿ ಗೋಥಾರ್ಡ್ ರಸ್ತೆ ಟನಲ್‌ನಲ್ಲಿ (ಇದು ಬೇರೆ, 16.9 ಕಿ.ಮೀ., 1980ರದ್ದು) ಎರಡು ಲಾರಿ ಡಿಕ್ಕಿ ಹೊಡೆದು 11 ಜನ ಸತ್ರು, ಅಲ್ಲಿ ಪಕ್ಕದಲ್ಲಿ ಸಮಾನಾಂತರ ರಕ್ಷಣಾ ಸುರಂಗ ಇದ್ದಿದ್ರಿಂದ ಎಷ್ಟೋ ಜನ ಬಚಾವಾದ್ರು. ಒಂದೇ ಕೊಳವೇಲಿ ಎರಡೂ ಕಡೆ ವಾಹನ ಓಡ್ತಿದ್ರೆ ಹೊಗೇನ ಯಾವ ಕಡೆ ತಳ್ಳೋದು ಹೇಳಿ? ಯಾವ ಕಡೆ ತಳ್ಳಿದ್ರೂ ಅಲ್ಲಿ ಜನ ಇದಾರೆ. ಈ ಕೆಲಸದಲ್ಲಿ ನಿದ್ದೆ ಕೆಡಿಸೋ ಪ್ರಶ್ನೆ ಅಂದ್ರೆ ಇದೇ.

ಚಾನೆಲ್‌ನಲ್ಲೂ 1996ರಲ್ಲಿ, 2008ರಲ್ಲಿ ಲಾರಿ ಸಾಗಿಸೋ ರೈಲಿಗೆ ಬೆಂಕಿ ಬಿದ್ದಿದೆ, ಯಾರೂ ಸಾಯಲಿಲ್ಲ. ಅಲ್ಲಿ ಎರಡು ರೈಲು ಕೊಳವೆ ಮಧ್ಯೆ ಮೂರನೇದು ಸರ್ವಿಸ್ ಟನಲ್ ಇದೆ, ಪ್ರತಿ 375 ಮೀಟರಿಗೆ ಬಾಗಿಲು, ಆ ಸರ್ವಿಸ್ ಟನಲ್‌ನಲ್ಲಿ ಗಾಳಿ ಒತ್ತಡ ಯಾವಾಗ್ಲೂ ಸ್ವಲ್ಪ ಜಾಸ್ತಿ ಇಟ್ಟಿರ್ತಾರೆ. ಬಾಗಿಲು ತೆಗೆದ್ರೆ ಒಳಗಿನ ಒಳ್ಳೆ ಗಾಳಿ ಹೊರಗೆ ನುಗ್ಗುತ್ತೆ, ಹೊಗೆ ಒಳಗೆ ಬರಲ್ಲ. ಎಷ್ಟು ಸರಳ, ಎಷ್ಟು ಜೀವ ಉಳಿಸೋ ಐಡಿಯಾ.

ಕತ್ತಲದಾರಿ:

ಅಬ್ಬಾ, ಇಷ್ಟು ವಿವರ ಸಿಗುತ್ತೆ ಅಂದ್ಕೊಂಡೇ ಇರ್ಲಿಲ್ಲ, ಇಬ್ಬರಿಗೂ ಥ್ಯಾಂಕ್ಸ್. ಹಾಗಾದ್ರೆ ಚಾನೆಲ್‌ನಲ್ಲಿ ಕಾರನ್ನೇ ರೈಲಿಗೆ ಹತ್ತಿಸಿ ಸಾಗಿಸೋದು ಇದಕ್ಕೇನಾ?

ಗಾಳಿಯಂತ್ರ:

ಹೌದು. ಎಂಬತ್ತರ ದಶಕದಲ್ಲಿ ಸೇತುವೆ, ರಸ್ತೆ ಎಲ್ಲ ಪ್ಲಾನ್ ಬಂದಿತ್ತು, ಕೊನೆಗೆ ಆಯ್ಕೆ ಆಗಿದ್ದು ರೈಲು. 50 ಕಿ.ಮೀ. ಸುರಂಗಕ್ಕೆ ಗಾಳಿ ಕೊಡೋದು, ಅಷ್ಟು ಹೊತ್ತು ಡ್ರೈವರ್ ಎಚ್ಚರ ಇರೋದು, ಎರಡೂ ದೊಡ್ಡ ತಲೆನೋವು. ಕಾರು ಒಳಗೆ ಹತ್ತಿಸಿ ಇಂಜಿನ್ ಆಫ್ ಮಾಡಿ ಕೂತ್ರೆ 35 ನಿಮಿಷಕ್ಕೆ ಆ ಕಡೆ.

ನೀರ್ಗಾಲುವೆ:

ಮಧ್ಯ ಬಾಯಿ ಹಾಕ್ತಿದೀನಿ. ಅತಿ ಉದ್ದದ ಟನಲ್ ಗೋಥಾರ್ಡ್ ಅಂದ್ರೆ ಅದು ರೈಲಿಗೆ ಮಾತ್ರ. ಎಲ್ಲ ಬಗೆಯ ಸುರಂಗ ಸೇರಿಸಿದ್ರೆ ನ್ಯೂಯಾರ್ಕಿಗೆ ಕುಡಿಯೋ ನೀರು ತರೋ ಡೆಲಾವೇರ್ ಅಕ್ವಿಡಕ್ಟ್, 137 ಕಿ.ಮೀ., 1945ರಲ್ಲೇ ಮುಗಿದಿದ್ದು. ಫಿನ್ಲೆಂಡಿನ ಪೈಯಾನೆ ಸುರಂಗ 120 ಕಿ.ಮೀ., ಅದು ಹೆಲ್ಸಿಂಕಿಗೆ ನೀರು ಕೊಡುತ್ತೆ. ನೀರಿಗೆ ಉಸಿರಾಟ ಬೇಡ, ಎಮರ್ಜೆನ್ಸಿ ಬಾಗಿಲು ಬೇಡ, ಹಂಗಾಗಿ ಎಷ್ಟು ಉದ್ದ ಬೇಕಾದ್ರೂ ಹೋಗಬಹುದು. ಗಾಳಿಯಂತ್ರ ಅವರು ಹೇಳಿದ್ದಕ್ಕೆ ಇದೇ ಒಳ್ಳೆ ಸಾಕ್ಷಿ ಅನ್ಸುತ್ತೆ.

ಹಳಿಮೇಲೆ:

ಎರಡನೇ ಪ್ರಶ್ನೆ ಹಂಗೇ ಉಳ್ಕೊಂಡಿದೆ. ಎರಡೂ ಸರಿನೇ, ಅಳೆಯೋದು ಬೇರೆ ಬೇರೆ. ಸಮುದ್ರದ ಕೆಳಗೆ ಹಾಯೋ ಟನಲ್‌ಗಳ ಪೂರ್ತಿ ಉದ್ದ ಲೆಕ್ಕ ಹಾಕಿದ್ರೆ ಸೇಕಾನ್ ದೊಡ್ಡದು, 53.85. ಆದ್ರೆ ಅದ್ರಲ್ಲಿ ನಿಜವಾಗ್ಲೂ ನೀರಿನ ಕೆಳಗೆ ಇರೋದು 23.3 ಕಿ.ಮೀ. ಮಾತ್ರ. ಚಾನೆಲ್ 50.45ರಲ್ಲಿ 37.9 ಕಿ.ಮೀ. ಸಮುದ್ರದಡಿ, ಆ ಲೆಕ್ಕದಲ್ಲಿ ಅದೇ ಮೊದಲು.

ಯಾಕೆ ಹಿಂಗೆ ಅಂದ್ರೆ ಮತ್ತೆ ಅದೇ ಏರಿನ ವಿಷಯ. ಸೇಕಾನ್ ಸಮುದ್ರಮಟ್ಟದಿಂದ 240 ಮೀಟರ್ ಕೆಳಗೆ ಹೋಗುತ್ತೆ. ಕಿಲೋಮೀಟರಿಗೆ 12 ಮೀಟರ್ ಮಾತ್ರ ಇಳಿಬಹುದು ಅಂದ್ರೆ 240 ಮೀಟರ್ ಇಳಿಯೋಕೆ 20 ಕಿ.ಮೀ. ಬೇಕು, ಹತ್ತೋಕೆ ಮತ್ತೆ 20. ಅದಕ್ಕೇ ಸಮುದ್ರ ಸಿಗೋಕೆ ಎಷ್ಟೋ ಮುಂಚೆ ನೆಲದ ಮೇಲಿಂದಾನೇ ಇಳಿಯೋಕೆ ಶುರು ಮಾಡ್ಬೇಕು. ಇಂಗ್ಲಿಷ್ ಚಾನೆಲ್ ಅಷ್ಟು ಆಳ ಇಲ್ಲ, ಅಲ್ದೆ ಅಲ್ಲಿ ಕೊರೆಯೋಕೆ ಹೇಳಿ ಮಾಡಿಸಿದ ಹಾಗೆ ಸುಣ್ಣ, ಜೇಡಿ ಬೆರೆತ ಮೆದು ಪದರ ಸಿಕ್ತು, ನೀರು ಒಸರೋದು ಕಡಿಮೆ.

ಸೇಕಾನ್‌ನವರಿಗೆ ಆ ಅದೃಷ್ಟ ಇರ್ಲಿಲ್ಲ. ಜ್ವಾಲಾಮುಖಿ ಕಲ್ಲು, ಬಿರುಕು, ನಾಲ್ಕು ಸಲ ದೊಡ್ಡದಾಗಿ ನೀರು ನುಗ್ಗಿದೆ. ಮುಂದೆ ತೂತು ಕೊರೆದು ಸಿಮೆಂಟ್ ತುಂಬಿ ಗಟ್ಟಿ ಮಾಡ್ಕೊಂಡು ಆಮೇಲೆ ಸಿಡಿಸೋದು, ಮತ್ತೆ ತೂತು, ಮತ್ತೆ ಸಿಮೆಂಟ್. 1964ರಲ್ಲಿ ಶುರುವಾಗಿ 1988ರ ಮಾರ್ಚ್ 13ಕ್ಕೆ ಓಪನ್ ಆಯ್ತು, 34 ಜನ ಸತ್ರು. ಇವತ್ತಿಗೂ ಪಂಪ್ ನಿಲ್ಲಿಸೋ ಹಾಗಿಲ್ಲ. ಅಷ್ಟು ಕಷ್ಟಪಟ್ಟು ಯಾಕೆ ಮಾಡಿದ್ರು ಅಂದ್ರೆ 1954ರಲ್ಲಿ ಅದೇ ಜಲಸಂಧಿ ದಾಟಿಸ್ತಿದ್ದ ತೋಯಾ ಮಾರು ಅನ್ನೋ ಫೆರ್ರಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿ 1,150ಕ್ಕೂ ಹೆಚ್ಚು ಜನ ಸತ್ತಿದ್ರು. ಸುರಂಗದ ಯೋಚನೆ ಮೊದಲೇ ಇತ್ತು, ಆದ್ರೆ ಆ ರಾತ್ರಿ ಆದ್ಮೇಲೆ ಅದನ್ನ ಮುಂದೂಡೋ ಹಾಗೆ ಇರ್ಲಿಲ್ಲ. ನಂಗೆ ಕೇಳಿದ್ರೆ ಎಲ್ಲ ಟನಲ್‌ಗಳಲ್ಲಿ ಕೈ ಮುಗಿಯೋದು ಇದಕ್ಕೇನೇ.

ಉತ್ತರದಹಾದಿ:

ನಾನು ಲೇರ್ಡಾಲ್‌ನಲ್ಲಿ ಒಂದು ಸಲ ಡ್ರೈವ್ ಮಾಡಿದೀನಿ, ಡ್ರೈವರ್ ಎಚ್ಚರ ಅಂದ್ರಲ್ಲ, ಅದರ ಬಗ್ಗೆ ಎರಡು ಮಾತು. ಒಳಗೆ ಹೋಗಿ ಐದು ನಿಮಿಷಕ್ಕೆ ಟೈಮ್ ಎಷ್ಟಾಯ್ತು ಅನ್ನೋದೇ ತಿಳಿಯಲ್ಲ, ಅದೇ ಗೋಡೆ, ಅದೇ ಲೈಟು, ಕಾರು ಹೋಗ್ತಿದೆಯೋ ನಿಂತಿದೆಯೋ ಅನ್ನೋ ಹಾಗೆ ಮಂಕು ಹಿಡಿಯುತ್ತೆ. ಹೆಂಡತಿ ಪಕ್ಕದಲ್ಲಿ ಮಾತಾಡ್ತಾನೇ ಇದ್ಲು, ನಾನು ಹೂಂಗುಟ್ಟಿದ್ದೂ ನೆನಪಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಸುರಂಗ ಅಗಲ ಆಗಿ ಒಂದು ಗುಹೆ ಬರುತ್ತೆ, ಪೂರ್ತಿ ನೀಲಿ ಬೆಳಕು, ಕೆಳಗೆ ಅಂಚಲ್ಲಿ ಹಳದಿ, ಸೂರ್ಯ ಹುಟ್ಟೋ ಹೊತ್ತಲ್ಲಿ ಹೊರಗೆ ಬಂದ ಹಾಗೆ. ಮೈಯೆಲ್ಲ ಸಡಿಲ ಆಯ್ತು. ಸುಮಾರು ಆರು ಕಿ.ಮೀ.ಗೆ ಒಂದರಂತೆ ಇಂಥ ಮೂರು ಗುಹೆ ಇವೆ, ಮನಶ್ಶಾಸ್ತ್ರ ಗೊತ್ತಿರೋರನ್ನ ಕೇಳ್ಕೊಂಡೇ ಮಾಡಿಸಿದ್ದು. ಅಲ್ಲಿ ಗಾಡಿ ನಿಲ್ಲಿಸಬಹುದು, ವಾಪಸ್ ತಿರುಗಿಸಬಹುದು. ನಿಲ್ಲಿಸಿ ಐದು ನಿಮಿಷ ಸುಮ್ನೆ ನಿಂತ್ಕೊಂಡಿದ್ವಿ. ಆ ಗುಹೆ ಇಲ್ದಿದ್ರೆ ಪೂರ್ತಿ 24 ಕಿ.ಮೀ. ನಾನು ಧೈರ್ಯವಾಗಿ ಓಡಿಸ್ತಿದ್ದೆ ಅಂತ ಹೇಳಲ್ಲ.

ಕತ್ತಲದಾರಿ:

ಆ ನೀಲಿ ಗುಹೆ ಫೋಟೋ ನೋಡಿದ್ದೆ, ಅಲಂಕಾರಕ್ಕೆ ಅಂದ್ಕೊಂಡಿದ್ದೆ! ಕೊನೇದಾಗಿ ಒಂದು, 24.5 ಯಾವತ್ತಾದ್ರೂ ದಾಟ್ತಾರಾ?

ಗಾಳಿಯಂತ್ರ:

ದಾಟ್ತಾರೆ, ಕೆಲಸ ನಡೀತಾ ಇದೆ. ಅದೂ ನಾರ್ವೆನೇ, ರೋಗ್‌ಫಾಸ್ಟ್ ಅಂತ, 26.7 ಕಿ.ಮೀ., ಸಮುದ್ರಮಟ್ಟದಿಂದ 392 ಮೀಟರ್ ಕೆಳಗೆ. 2033ಕ್ಕೆ ಓಪನ್ ಮಾಡೋ ಗುರಿ ಇಟ್ಕೊಂಡಿದಾರೆ. ಅಲ್ಲೇ ಹತ್ರದ ರಿಫಿಲ್ಕೆ ಟನಲ್ 14 ಕಿ.ಮೀ. ಚಿಲ್ರೆ, 292 ಮೀಟರ್ ಆಳ, 2019ರ ಕೊನೇಲಿ ಓಪನ್ ಆಯ್ತು. ಕಾರು ಕಡಿದಾದ ಏರು ಹತ್ತುತ್ತಲ್ಲ, ಅದಕ್ಕೇ ಅಷ್ಟು ಆಳಕ್ಕೆ ಇಳಿದ್ರೂ ರೈಲಿನಷ್ಟು ಉದ್ದ ಬೇಕಾಗಲ್ಲ.

ರೋಗ್‌ಫಾಸ್ಟ್‌ನಲ್ಲಿ ಮುಖ್ಯ ವಿಷಯ ಅಂದ್ರೆ ಎರಡು ಬೇರೆ ಕೊಳವೆ, ಒಂದೊಂದು ದಿಕ್ಕಿಗೆ ಒಂದೊಂದು. ಹೊಗೇನ ಮುಂದಕ್ಕೆ ತಳ್ಳಬಹುದು, ಮುಂದಿನ ಗಾಡಿಗಳು ಓಡಿ ಹೋಗಿರ್ತವೆ, ಹಿಂದೆ ನಿಂತಿರೋ ಜನ ಒಳ್ಳೆ ಗಾಳೀಲಿ ನಡ್ಕೊಂಡು ಪಕ್ಕದ ಕೊಳವೆಗೆ ದಾಟ್ತಾರೆ. ಮಧ್ಯದಲ್ಲಿ ಕ್ವಿತ್ಸೋಯ್ ಅನ್ನೋ ದ್ವೀಪ ಸಿಗುತ್ತೆ, ಆ ದ್ವೀಪಕ್ಕೆ ಒಳಗಿಂದಾನೇ ಕವಲು ದಾರಿ, ಗಾಳಿಗೂ ಅಲ್ಲೇ ಬಾವಿ. ಸಮುದ್ರದ ಮಧ್ಯೆ ಕಣಿವೆ ಎಲ್ಲಿಂದ ತರ್ತೀರಾ ಅಂತ ಮೇಲೆ ಕೇಳಿದ್ನಲ್ಲ, ಇಲ್ಲಿ ದ್ವೀಪ ಸಿಕ್ತು.

ಹಳಿಮೇಲೆ:

ರೈಲಿನ ರೆಕಾರ್ಡೂ ಬಹಳ ದಿನ ಉಳಿಯಲ್ಲ. ಫ್ರಾನ್ಸ್ ಇಟಲಿ ಮಧ್ಯೆ ಲಿಯಾನ್–ಟ್ಯೂರಿನ್ ಲೈನಿಗೆ ಕೊರೀತಿರೋದು 57.5 ಕಿ.ಮೀ., ಗೋಥಾರ್ಡಿಗಿಂತ ಅರ್ಧ ಕಿಲೋಮೀಟರೂ ಜಾಸ್ತಿ ಇಲ್ಲ. ಆಸ್ಟ್ರಿಯಾ ಇಟಲಿ ಮಧ್ಯದ ಬ್ರೆನ್ನರ್ ಬೇಸ್ ಟನಲ್ 55, ಆದ್ರೆ ಇನ್ಸ್‌ಬ್ರುಕ್ ಹತ್ರ ಆಗ್ಲೇ ಇರೋ ಬೈಪಾಸ್ ಸುರಂಗ ಅದಕ್ಕೆ ಒಳಗೇ ಕೂಡುತ್ತೆ, ಅದನ್ನೂ ಸೇರಿಸಿದ್ರೆ ರೈಲು ಬೆಳಕು ಕಾಣದೆ ಓಡೋದು 64 ಕಿ.ಮೀ. ನಿಮ್ಮ ಪಟ್ಟೀಲಿ ಯಾವ್ದನ್ನ ಮೊದಲು ಹಾಕ್ತೀರೋ ಆಗ ನೋಡೋಣ.