ಕಾಮರಾಜರನ್ನು ಸಂತ ಎನ್ನಬೇಕೇ? ನಮ್ಮ ಮನೆಯವರ ಗುಂಪಿನಲ್ಲಿ ಒಂದು ವಾದ

ದೊಡ್ಡಪ್ಪ (ಬೇರೆಡೆಯಿಂದ ಬಂದ ಸಂದೇಶ): ಶಾಲೆಯ ಮೆಟ್ಟಿಲೇ ಹತ್ತದ, ಆಗಿನ ಮದ್ರಾಸ್ ರಾಜ್ಯದ (ಇಂದಿನ ತಮಿಳುನಾಡು) ಕಾಂಗ್ರೆಸ್ ಮುಖ್ಯಮಂತ್ರಿ ಕಾಮರಾಜರು ದೇಶದಲ್ಲೇ ಮೊದಲು ಮಕ್ಕಳಿಗೆ ಮಧ್ಯಾಹ್ನದ ಊಟ ಕೊಟ್ಟರು. ಇಂತಹ ಸಂತ ಮತ್ತೆ ಹುಟ್ಟುವುದಿಲ್ಲ. ಎಲ್ಲರಿಗೂ ಹಂಚಿ.

ನಾನು: ದೊಡ್ಡಪ್ಪ, ಅವರು ತಮ್ಮ ಊರಾದ ವಿರುದುನಗರದಲ್ಲಿ ಕೆಲವು ವರ್ಷ ಓದಿದ್ದರು. ಊಟವನ್ನು ಬ್ರಾಹ್ಮಣೇತರರ ಜಸ್ಟಿಸ್ ಪಕ್ಷದ ಕೈಯಲ್ಲಿದ್ದ ಮದ್ರಾಸ್ ನಗರದ ಕಾರ್ಪೊರೇಷನ್ 1920ರಲ್ಲೇ ಅಲ್ಲಿನ ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯಲ್ಲಿ ಆರಂಭಿಸಿತ್ತು.

ದೊಡ್ಡಪ್ಪ: ಒಳ್ಳೆಯವರ ಬಗ್ಗೆ ನಾಲ್ಕು ಮಾತು ಬಂದರೂ ಕೊಂಕು ತೆಗೆಯುತ್ತೀಯಲ್ಲ!

ನಾನು: ಕೊಂಕಲ್ಲ. ಸಂತ ಎಂದುಬಿಟ್ಟರೆ ಅವರ ರಾಜಕಾರಣವೇ ಮರೆಯಾಗುತ್ತದೆ. 1953ರಲ್ಲಿ ಆಗಿನ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಮಕ್ಕಳ ಶಾಲೆಯ ಅವಧಿ ಇಳಿಸಿ, ಉಳಿದ ಹೊತ್ತು ಅಪ್ಪನ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಅಗಸನ ಮಗ ಅಗಸನಾಗಿಯೇ ಇರಬೇಕೇ ಎಂದು ಜನ ಸಿಟ್ಟಿಗೆದ್ದರು. 1954ರಲ್ಲಿ ಮುಖ್ಯಮಂತ್ರಿಯಾದ ಕಾಮರಾಜರು ಆ ಯೋಜನೆಯನ್ನೇ ಕೈಬಿಟ್ಟರು. ನಾಯಕತ್ವಕ್ಕಾಗಿ ತಮ್ಮ ಎದುರು ನಿಂತಿದ್ದ ಸಿ. ಸುಬ್ರಮಣ್ಯಂ ಅವರನ್ನೇ ಸಂಪುಟಕ್ಕೆ ಸೇರಿಸಿಕೊಂಡರು. ಹಗೆ ಸಾಧಿಸದೆ ಕೆಲಸ ತೆಗೆದ ಜಾಣತನ ಅದು.

ಚಿಕ್ಕಮ್ಮ: ಶಾಲೆಯಲ್ಲಿ ಕಲಿಸುವವಳಾಗಿ ಹೇಳುತ್ತೇನೆ. ಬಿಸಿಯೂಟ ನಿಂತ ದಿನ ಹಾಜರಿ ಇಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮಲ್ಲಿ ಅಕ್ಷರ ದಾಸೋಹ ಬಂದದ್ದು 2002ರಲ್ಲಿ. ಕಾಮರಾಜರು ಐವತ್ತರ ದಶಕದಲ್ಲೇ ಅದನ್ನು ರಾಜ್ಯದ ಹಳ್ಳಿಹಳ್ಳಿಗೆ ಒಯ್ಯಲು ಹೊರಟರು. ಮೊದಲಿಗರು ಯಾರೇ ಇರಲಿ, ಹಸಿದ ಮಗುವಿಗೆ ಪಾಠ ಹತ್ತದು ಎಂದು ಅರಿತು ಬೊಕ್ಕಸದಿಂದ ಹಣ ತೆಗೆದವರು ಅವರು.

ಮಾವ: ಹಾಗಾದರೆ 1967ರಲ್ಲಿ ಸ್ವಂತ ಊರಿನಲ್ಲೇ ಡಿಎಂಕೆಯ ವಿದ್ಯಾರ್ಥಿ ನಾಯಕನ ಎದುರು ಏಕೆ ಸೋತರು? ಇಂದಿರಾ ಅವರನ್ನು ಗದ್ದುಗೆಗೆ ಏರಿಸಿದರು, ಅವರಿಂದಲೇ ಮೂಲೆಗುಂಪಾದರು. ನಿಜಲಿಂಗಪ್ಪನವರ ಜೊತೆ ನಮ್ಮ ಲಾಲ್‌ಬಾಗ್ ಗಾಜಿನಮನೆಯಲ್ಲಿ ಕಾಂಗ್ರೆಸ್ ಪಕ್ಷವನ್ನೇ ಒಡೆದರು.

ನಾನು: ಮಾವ, 1969ರ ಜುಲೈನಲ್ಲಿ ಲಾಲ್‌ಬಾಗ್‌ನ ಪಕ್ಷದ ಸಭೆಯಲ್ಲಿ ಕಂಡದ್ದು ಬಿರುಕು, ಪಕ್ಷ ಹೋಳಾದದ್ದು ನವೆಂಬರ್‌ನಲ್ಲಿ. ಸೋಲಿನ ಮಾತು ಒಪ್ಪುತ್ತೇನೆ. ಅಕ್ಕಿಯ ಅಭಾವವಿತ್ತು. 1965ರ ಹಿಂದಿ ವಿರೋಧಿ ಚಳವಳಿಯಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿದಾಗ ಮದ್ರಾಸಿನಲ್ಲೂ ದೆಹಲಿಯಲ್ಲೂ ಕಾಂಗ್ರೆಸ್ ಸರ್ಕಾರವೇ ಇತ್ತು, ಪಕ್ಷದ ಅಧ್ಯಕ್ಷರು ಇವರೇ. ಆ ಹೊಣೆಯಿಂದ ಅವರನ್ನು ನಾನು ಬಿಡಿಸುವುದಿಲ್ಲ. 1963ರಲ್ಲಿ, ಹಿರಿಯರು ಅಧಿಕಾರ ಬಿಟ್ಟು ಪಕ್ಷ ಕಟ್ಟಬೇಕೆಂದು ತಾವೇ ಮುಖ್ಯಮಂತ್ರಿ ಕುರ್ಚಿ ಬಿಟ್ಟರಲ್ಲ, ಅದನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದು ತಮಿಳುನಾಡಿಗಾದ ನಷ್ಟವೆಂದೇ ತೋರುತ್ತದೆ. ಆಡಳಿತದಲ್ಲಿ ಅವರಿಗಿದ್ದ ಹಿಡಿತ ದೆಹಲಿಯ ಒಳಜಗಳದಲ್ಲಿ ವ್ಯರ್ಥವಾಯಿತು.

ಮಾವ: ಶಾಸ್ತ್ರಿಯವರನ್ನು ಪ್ರಧಾನಿ ಮಾಡಿದ್ದು ವ್ಯರ್ಥವೇ?

ನಾನು: ಅಲ್ಲ. ಆದರೆ ಶಾಲೆಗಳೇ ಅದಕ್ಕಿಂತ ದೊಡ್ಡ ಕೆಲಸ.

ದೊಡ್ಡಪ್ಪ: ‘ಮೊದಲು’, ‘ಮೆಟ್ಟಿಲೇ ಹತ್ತದ’ ಎರಡನ್ನೂ ತೆಗೆಯುತ್ತೇನೆ. ‘ಸಂತ’ವನ್ನು ಮಾತ್ರ ಬಿಡುವುದಿಲ್ಲ. ಒಂಬತ್ತು ವರ್ಷ ಮುಖ್ಯಮಂತ್ರಿಯಾಗಿದ್ದವರು ಬಾಡಿಗೆ ಮನೆಯಲ್ಲಿ ಕಣ್ಣು ಮುಚ್ಚಿದರು.

ಚಿಕ್ಕಮ್ಮ: ಇರಲಿ ಭಾವ, ಕಸುಬಿನ ಯೋಜನೆಯನ್ನು ಕೈಬಿಟ್ಟ ವಿಷಯವನ್ನೂ ಸೇರಿಸಿ. ನಮ್ಮ ಶಿಕ್ಷಕರ ಗುಂಪಿಗೆ ನಾನೇ ಹಾಕುತ್ತೇನೆ.