ಆಯಿಯ ಹಳೇ ಸಿಮ್ 4ಜಿಗೆ ಬದಲಾಯಿಸಬೇಕು, ಮಾಡಿಸಿದವರು ಅನುಭವ ಹೇಳಿ

ಕೇಳಿದವರು:

ನಮ್ಮ ಮನೆ ಶಿರಸಿಯಿಂದ ಕುಮಟಾ ಕಡೆ ಹೋಗುವ ರಸ್ತೆಯಲ್ಲಿ. ದೇವಿಮನೆ ಘಟ್ಟಕ್ಕಿಂತ ಮೊದಲೇ ಒಳಗೆ ತಿರುಗಿ ನಾಲ್ಕು ಕಿಲೋಮೀಟರ್ ಹೋಗಬೇಕು. ನಾನಿರುವುದು ಬೆಂಗಳೂರಲ್ಲಿ, ಊರಲ್ಲಿ ಆಯಿ ಅಪ್ಪಯ್ಯ ಇಬ್ಬರೇ. ಆಯಿಯ ಬಿಎಸ್‌ಎನ್‌ಎಲ್ ಸಿಮ್ ತೆಗೆದುಕೊಂಡು ಹದಿನೈದು ವರ್ಷದ ಮೇಲಾಯಿತು. ಈ ವರ್ಷ ಹೊಸ 4ಜಿ ಫೋನ್ ಕೊಡಿಸಿದೆ. ಆದರೂ ಮೇಲ್ಗಡೆ ಒಮ್ಮೆ 2ಜಿಯ ‘ಇ’, ಒಮ್ಮೆ 3ಜಿಯ ‘ಎಚ್’ ಅಂತಲೇ ತೋರಿಸುತ್ತದೆ, ವಾಟ್ಸಾಪ್ ವಿಡಿಯೋ ಕಾಲ್ ಬರುವುದಿಲ್ಲ. ಸಿಮ್ ಬದಲಾಯಿಸಿಕೊಳ್ಳಿ ಎಂದು ಕಂಪನಿಯಿಂದ ಮೆಸೇಜ್ ಬರುತ್ತಿದೆ.

ನನ್ನ ಹೆದರಿಕೆ ಎರಡು. ಬ್ಯಾಂಕು, ಸೊಸೈಟಿ, ಗ್ಯಾಸು, ಆಧಾರ್ ಎಲ್ಲದಕ್ಕೂ ಕೊಟ್ಟಿರುವುದು ಇದೇ ನಂಬರ್. ಬದಲಾಯಿಸುವಾಗ ಏನಾದರೂ ಎಡವಟ್ಟಾಗಿ ನಂಬರೇ ಹೋದರೆ? ಇನ್ನೊಂದು, ಈಗ ಜಗಲಿಯಲ್ಲಿ ಕೂತರೆ ಮಾತಾಡುವಷ್ಟು ರೇಂಜ್ ಇದೆ. 4ಜಿ ಸಿಮ್ ಹಾಕಿ ಅದೂ ಹೋದರೆ ರಾತ್ರಿ ಹೊತ್ತು ಅವರಿಬ್ಬರೂ ಎಂತ ಮಾಡಬೇಕು? ಚೌತಿಗೆ ನಾಲ್ಕು ದಿನ ಬರುತ್ತಿದ್ದೇನೆ. ಅಷ್ಟರಲ್ಲಿ ಮುಗಿಯುವ ಕೆಲಸವಾ?

ಸಿದ್ದಾಪುರ ತಾಲೂಕಿನಿಂದ ಒಬ್ಬರು:

ಹೋದ ವರ್ಷ ನಮ್ಮ ಅಪ್ಪಯ್ಯನ ಸಿಮ್ ಬದಲಾಯಿಸಿದೆ. ಬದಲಾಯಿಸುವ ಕೆಲಸ ಹತ್ತೇ ನಿಮಿಷದ್ದು. ಆದರೆ ಅದಕ್ಕೆ ಮೂರು ಸಲ ಪೇಟೆಗೆ ಹೋದೆವು. ಯಾಕೆ ಅಂತ ಹೇಳುತ್ತೇನೆ, ನಿಮಗಾದರೂ ಒಂದೇ ಸಲಕ್ಕೆ ಆಗಲಿ.

ಮೊದಲ ಸಲ ಅಪ್ಪಯ್ಯನ ಆಧಾರ್ ಜೆರಾಕ್ಸ್ ಹಿಡಿದುಕೊಂಡು ನಾನೊಬ್ಬನೇ ಹೋದೆ. ನಂಬರ್ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು, ಮೂಲ ಆಧಾರ್ ಕಾರ್ಡೇ ಬೇಕು ಎಂದರು. ಆಗ ಬೇಜಾರಾಯಿತು. ಆದರೆ ಯಾರೋ ಹೋಗಿ ಇನ್ಯಾರದ್ದೋ ನಂಬರ್ ತೆಗೆದುಕೊಂಡು ಬರುವಂತಿದ್ದರೆ ಬ್ಯಾಂಕ್ ಖಾತೆಯ ಗತಿ ಏನು? ಅವರು ಹೇಳಿದ್ದು ಸರಿ.

ಎರಡನೇ ಸಲ ಅಪ್ಪಯ್ಯನನ್ನೇ ಕರೆದುಕೊಂಡು ಹೋದೆ. ಬೆರಳಚ್ಚು ತೆಗೆದುಕೊಳ್ಳಲಿಲ್ಲ. ಐವತ್ತು ವರ್ಷ ಅಡಿಕೆ ಸುಲಿದ ಕೈ. ಬೆರಳಿನ ಗೆರೆ ಸವೆದುಹೋಗಿದೆ, ಮೇಲಿಂದ ಅಡಿಕೆ ಕರೆ. ಹತ್ತೂ ಬೆರಳು ಇಟ್ಟು ನೋಡಿ ವಾಪಸ್ ಬಂದೆವು. ಮೂರನೇ ಸಲ ಹಿಂದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ, ಬೆಳಿಗ್ಗೆ ಬಿಸಿನೀರಲ್ಲಿ ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿಕೊಂಡು ಹೋದೆವು. ಎಡಗೈಯ ಉಂಗುರ ಬೆರಳು ತೆಗೆದುಕೊಂಡಿತು. ನಿಮ್ಮ ಆಯಿಗೂ ಹೀಗೇ ಆಗಬಹುದು. ಹೆಬ್ಬೆಟ್ಟು ಆಗದಿದ್ದರೆ ಬೇರೆ ಬೆರಳು ನೋಡಿ ಎಂದು ನೀವೇ ಕೇಳಿ, ಗಡಿಬಿಡಿಯಲ್ಲಿ ಅವರು ಹೇಳುವುದಿಲ್ಲ.

ಇಷ್ಟೆಲ್ಲ ಆದಮೇಲೂ ಒಂದು ತಪ್ಪು ಮಾಡಿದೆ. ಅಪ್ಪಯ್ಯನ ನಂಬರುಗಳೆಲ್ಲ ಇದ್ದದ್ದು ಹಳೇ ಸಿಮ್ಮಿನೊಳಗೆ. ಹೊಸ ಸಿಮ್ ಹಾಕಿದಾಗ ಫೋನ್‌ಬುಕ್ ಪೂರ್ತಿ ಖಾಲಿ. ಅಷ್ಟರಲ್ಲಿ ಅಂಗಡಿಯವರು ಹಳೇ ಸಿಮ್ ಕತ್ತರಿಸಿ ಬುಟ್ಟಿಗೆ ಹಾಕಿ ಆಗಿತ್ತು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ನಂಬರ್, ಮದ್ದು ಹೊಡೆಯುವವನ ನಂಬರ್, ಅತ್ತೆಯ ಮನೆ ನಂಬರ್ ಎಲ್ಲ ಹೋಯಿತು. ಅಪ್ಪಯ್ಯ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಈಗಲೂ ಗೊತ್ತಿಲ್ಲದ ನಂಬರಿಂದ ಕರೆ ಬಂದರೆ ‘ಯಾರು’ ಎಂದು ಕೇಳಬೇಕಾಗುತ್ತದಲ್ಲ ಎಂದು ಸಂಕಟಪಡುತ್ತಾರೆ. ದಯವಿಟ್ಟು ಹೋಗುವ ಮೊದಲೇ ಎಲ್ಲ ನಂಬರ್ ಫೋನಿಗೆ ಕಾಪಿ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೂ ಇಡಿ.

ಕುಮಟಾದಿಂದ, ಮೊಬೈಲ್ ರಿಪೇರಿ ಮಾಡುವವರು:

ಸಿದ್ದಾಪುರದವರ ಮಾತಿಗೆ ಒಂದು ಸೇರಿಸುತ್ತೇನೆ. ಹಳೇ ಸಿಮ್ ಬಂದಾದರೂ ಅದರೊಳಗಿನ ಹೆಸರು, ನಂಬರ್ ಅಳಿಯುವುದಿಲ್ಲ. ಯಾವುದಾದರೂ ಫೋನಿಗೆ ಹಾಕಿದರೆ ಓದಬಹುದು. ಹಾಗಾಗಿ ಕತ್ತರಿಸಲು ಬಿಡಬೇಡಿ, ಕೇಳಿ ಮನೆಗೆ ತನ್ನಿ. ನಂಬರ್ ಎಲ್ಲ ತೆಗೆದುಕೊಂಡಾದ ಮೇಲೆ ನೀವೇ ತುಂಡು ಮಾಡಿ.

ಈಗ ನಿಮ್ಮ ಹೆದರಿಕೆಯ ವಿಷಯ. ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಜನ ಇದನ್ನೇ ಕೇಳುತ್ತಾರೆ. ಸಿಮ್ ಎಂದರೆ ಬೀಗದ ಕೈ ಇದ್ದ ಹಾಗೆ. ಅದು ರೇಂಜ್ ಹೆಚ್ಚು ಮಾಡುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ. ಹಳೇ 2ಜಿ ಕಾಲದ ಸಿಮ್ಮಿನಲ್ಲಿ ಟವರ್ ಮಾತ್ರ ‘ನೀನು ಯಾರು’ ಎಂದು ಸಿಮ್ಮನ್ನು ಕೇಳುತ್ತಿತ್ತು. ಎದುರಿಗಿರುವುದು ನಿಜವಾದ ಟವರೋ ನಕಲಿಯೋ ಎಂದು ಪರೀಕ್ಷಿಸುವ ಶಕ್ತಿ ಸಿಮ್ಮಿಗೆ ಇರಲಿಲ್ಲ. ಆಮೇಲೆ ಬಂದ ಯುಸಿಮ್ ಎಂಬ ಜಾತಿಯ ಕಾರ್ಡಿನಲ್ಲಿ ಎರಡೂ ಕಡೆಯಿಂದ ಪರೀಕ್ಷೆ ನಡೆಯುತ್ತದೆ. 4ಜಿ ಜಾಲ ಆ ಹಳೇ ಕಾರ್ಡನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಫೋನ್ ಹೊಸದು, ಟವರ್ ಹೊಸದು, ಆದರೂ ‘ಇ’ ತೋರಿಸಲು ಇದು ಒಂದು ಕಾರಣ. ನೋಡಲು ಎರಡೂ ಕಾರ್ಡ್ ಒಂದೇ ಥರ ಇರುವುದರಿಂದ ಜನ ಫೋನನ್ನೇ ದೂರುತ್ತಾರೆ.

ಹೊಸ ಕಾರ್ಡ್ 2ಜಿಯಲ್ಲೂ ಕೆಲಸ ಮಾಡುತ್ತದೆ. 4ಜಿ ಸಿಗದ ಕಡೆ ಫೋನ್ ತಾನೇ 2ಜಿಗೆ ಇಳಿದು ಮಾತು ನಡೆಸುತ್ತದೆ. ಜಗಲಿಯಲ್ಲಿ ಈಗ ಸಿಗುವ ರೇಂಜ್ ಸಿಮ್ ಬದಲಾಯಿಸಿದ್ದರಿಂದ ಹೋಗುವುದಿಲ್ಲ. ಆದರೆ ಸೆಟ್ಟಿಂಗಿನಲ್ಲಿ ‘4ಜಿ ಮಾತ್ರ’ ಎಂದು ಯಾರಾದರೂ ಇಟ್ಟುಬಿಟ್ಟರೆ ಹೋಗುತ್ತದೆ. ಪ್ರಿಫರ್ಡ್ ನೆಟ್‌ವರ್ಕ್ ಎಂಬಲ್ಲಿ 4ಜಿ, 3ಜಿ, 2ಜಿ ಮೂರೂ ಇರುವ ಆಟೋ ಆಯ್ಕೆಯನ್ನೇ ಇಡಿ. ವೋಲ್ಟಿ ಎಂಬುದನ್ನೂ ಆನ್ ಮಾಡಿ, ಅದಿದ್ದರೆ 4ಜಿಯಲ್ಲೇ ಮಾತು ಹೋಗುತ್ತದೆ, ದನಿ ಸ್ಪಷ್ಟವಾಗಿರುತ್ತದೆ.

ಇನ್ನೊಂದು ಸಂಗತಿ ಹೆಚ್ಚಿನವರು ನೋಡುವುದೇ ಇಲ್ಲ. ಬಿಎಸ್‌ಎನ್‌ಎಲ್ 4ಜಿ ಮುಖ್ಯವಾಗಿ ನಡೆಯುವುದು 700 ಮತ್ತು 2100 ಮೆಗಾಹರ್ಟ್ಜ್‌ನಲ್ಲಿ. ಫೋನ್ ಡಬ್ಬಿಯ ಮೇಲೆ ಇವನ್ನು ಬ್ಯಾಂಡ್ 28, ಬ್ಯಾಂಡ್ 1 ಎಂದು ಬರೆದಿರುತ್ತಾರೆ. 700ರ ಅಲೆ ದೂರ ಹೋಗುತ್ತದೆ, ಮರಗಿಡದ ನಡುವೆಯೂ ಹೆಚ್ಚು ಸೋಲುವುದಿಲ್ಲ. ನಮ್ಮ ಘಟ್ಟದ ಬದಿಗೆ ಅದೇ ಬೇಕು. ಕೆಲವು ಕಡಿಮೆ ಬೆಲೆಯ ಫೋನುಗಳಲ್ಲಿ ಬ್ಯಾಂಡ್ 28 ಇರುವುದೇ ಇಲ್ಲ. ಅಂಥ ಫೋನಿಗೆ ಎಷ್ಟು ಹೊಸ ಸಿಮ್ ಹಾಕಿದರೂ 700ರಲ್ಲಿ ಬರುವ 4ಜಿ ಅದಕ್ಕೆ ಕಾಣುವುದಿಲ್ಲ. ನಿಮ್ಮ ಫೋನಿನ ಡಬ್ಬಿ ಇದ್ದರೆ ಇವತ್ತೇ ನೋಡಿ. ಹಳೇ ಡಬಲ್ ಸಿಮ್ ಫೋನಾದರೆ ಒಂದನೇ ಗೂಡಿನಲ್ಲಿ ಮಾತ್ರ 4ಜಿ ಬರುವುದೂ ಉಂಟು.

ಹಾಗೆಯೇ 5ಜಿಗೆ ಬೇರೆ ಸಿಮ್ ಬೇಕೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಜಿಯೋ, ಏರ್‌ಟೆಲ್ ಎರಡೂ 4ಜಿ ಸಿಮ್ಮಿನಲ್ಲೇ 5ಜಿ ಕೊಡುತ್ತಿವೆ. ಬಿಎಸ್‌ಎನ್‌ಎಲ್‌ನ ದೇಶೀ ತಂತ್ರಜ್ಞಾನದ 4ಜಿ ದೇಶಾದ್ಯಂತ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಅದಕ್ಕೂ ಮೊದಲಿನಿಂದಲೇ ಅವರು 4ಜಿ ಸಿಮ್ ಪುಕ್ಕಟೆ ಬದಲಾಯಿಸಿ ಕೊಡುತ್ತಿದ್ದರು.

ಕಾರವಾರದಿಂದ ಒಬ್ಬ ಅಕ್ಕ:

ದಿನ ನೋಡಿ ಹೋಗಿ ತಮ್ಮಾ. ಹೊಸ ಸಿಮ್ ಚಾಲೂ ಆದಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ದೂರಸಂಪರ್ಕ ಇಲಾಖೆಯ ನಿಯಮ ಅದು. ಯಾರೋ ಕಳ್ಳತನದಿಂದ ನಿಮ್ಮ ನಂಬರಿನ ಸಿಮ್ ತೆಗೆಸಿದರೂ ಆ ಒಂದು ದಿನ ಅವರಿಗೆ ಒಟಿಪಿ ಸಿಗಬಾರದು ಎಂದು. ನನಗೆ ಗೊತ್ತಿರಲಿಲ್ಲ. ಮಗಳ ಪರೀಕ್ಷೆ ಶುಲ್ಕ ಕಟ್ಟುವ ಕೊನೇ ದಿನ ಬೆಳಿಗ್ಗೆ ಸಿಮ್ ಬದಲಾಯಿಸಿಕೊಂಡು ಬಂದೆ, ಒಟಿಪಿ ಬರಲಿಲ್ಲ. ತಂಗಿಯ ಖಾತೆಯಿಂದ ಕಟ್ಟಿಸಿದೆ. ಫೋನ್‌ಪೇ, ಗೂಗಲ್‌ಪೇ ಕೂಡ ಸಿಮ್ ಬದಲಾದ ಮೇಲೆ ಮತ್ತೆ ನಂಬರ್ ಪರೀಕ್ಷೆ ಕೇಳಬಹುದು, ಅದಕ್ಕೆ ಎಸ್‌ಎಂಎಸ್ ಹೋಗಲೇಬೇಕು. ವಾಟ್ಸಾಪ್ ಮಾತ್ರ ಅದೇ ಫೋನಿನಲ್ಲಿ ಹಾಗೇ ಇರುತ್ತದೆ, ಡಿಲೀಟ್ ಮಾಡಬೇಡಿ.

ಇನ್ನೊಂದು ಮಾತು ಆಯಿಗೆ ನೀವೇ ಕೂತು ಹೇಳಿಕೊಡಿ. ನಮ್ಮ ಪಕ್ಕದ ಮನೆಯ ನಿವೃತ್ತ ಮಾಸ್ತರರಿಗೆ ‘ನಿಮ್ಮ ಸಿಮ್ ಇವತ್ತು ಬಂದಾಗುತ್ತದೆ, ಇಲ್ಲಿಂದಲೇ 4ಜಿ ಮಾಡಿಕೊಡುತ್ತೇವೆ’ ಎಂದು ಕರೆ ಬಂತು. ಇಪ್ಪತ್ತು ಅಂಕಿಯ ಒಂದು ಸಂಖ್ಯೆ ಕಳಿಸಿ ಅದನ್ನು ಮೆಸೇಜ್ ಮಾಡಿ ಎಂದರು. ಆ ಅಂಕಿ ಕಳ್ಳರ ಕೈಯಲ್ಲಿರುವ ಖಾಲಿ ಸಿಮ್ಮಿನದು. ಮಾಸ್ತರರು ಕಳಿಸಿಬಿಡುತ್ತಿದ್ದರು, ಮೊಮ್ಮಗಳು ಕೈಯಿಂದ ಫೋನ್ ಕಸಿದುಕೊಂಡಳು. ಕಂಪನಿಯಿಂದ ಬರುವ ಮೆಸೇಜ್ ನಿಜವೇ ಇರಬಹುದು, ಆದರೆ ಸಿಮ್ ಬದಲಾಯಿಸಲು ನಾವೇ ಎದ್ದು ಅವರ ಕೇಂದ್ರಕ್ಕೆ ಹೋಗಬೇಕು. ಫೋನಿನಲ್ಲಿ ಯಾರಿಗೂ ಏನೂ ಹೇಳಬಾರದು. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ನಂಬರ್ ನಮ್ಮ ಮನೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದೇನೆ.

ಮಾಜಾಳಿಯಿಂದ:

ಗಡಿ ಹತ್ತಿರ ಇರುವವರಿಗೆ ಒಂದು. ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ಕಾರವಾರ ಕರ್ನಾಟಕ ವಲಯಕ್ಕೆ, ಗೋವಾ ಮಹಾರಾಷ್ಟ್ರ ವಲಯಕ್ಕೆ ಸೇರಿದ್ದು. ನಮ್ಮ ಮನೆಯಲ್ಲಿ ಫೋನ್ ಆಗಾಗ ಗೋವಾದ ಟವರ್ ಹಿಡಿಯುತ್ತದೆ, ಆಗ ಮಾತು ನಡೆದರೂ ಇಂಟರ್ನೆಟ್ ನಿಲ್ಲುತ್ತದೆ. ಹೊಸ ಸಿಮ್ಮೇ ಕೆಟ್ಟದ್ದು ಎಂದು ಒಂದು ವಾರ ಒದ್ದಾಡಿದೆ. ಡೇಟಾ ರೋಮಿಂಗ್ ಆನ್ ಮಾಡಿದೆ, ಸರಿಯಾಯಿತು.

ಜೋಯಿಡಾ ಕಡೆಯ ಶಾಲಾ ಶಿಕ್ಷಕರು:

ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ ಎಂದು ಪ್ರೀತಿಯಿಂದಲೇ ಹೇಳುತ್ತೇನೆ. ನಮ್ಮೂರಲ್ಲಿ ಎಲ್ಲರೂ ಸಿಮ್ ಬದಲಾಯಿಸಿದರು, ಆದರೆ ಗುಡ್ಡದ ಆಚೆಗಿನ ಟವರ್ ಗುಡ್ಡದ ಆಚೆಯೇ ಇದೆ. ಕೊರೋನಾ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಹತ್ತುತ್ತಿದ್ದ ದಿಬ್ಬಕ್ಕೇ ಈಗಲೂ ಹೋಗಬೇಕು. ಹೊಸ ಸಿಮ್ಮಿನಿಂದ ಅಲ್ಲಿ ವೇಗ ಬಂದಿದೆ, ಅದು ನಿಜ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ 2ಜಿಯೂ ಇಲ್ಲ, 4ಜಿಯೂ ಇಲ್ಲ. ನಿಮ್ಮೂರಿಗೆ ಫೈಬರ್ ಲೈನ್ ಬಂದಿದ್ದರೆ ಮನೆಗೆ ಅದನ್ನು ಹಾಕಿಸಿ. ಮೋಡೆಮ್ಮಿಗೆ ಒಂದು ಸಣ್ಣ ಬ್ಯಾಟರಿ ಕೂರಿಸಿ. ವಿಡಿಯೋ ಕಾಲ್ ಮನೆಯೊಳಗಿಂದಲೇ ಆಗುತ್ತದೆ. ಸಿಮ್ ಅಂತೂ ಬದಲಾಯಿಸಿ, ಆದರೆ ರಾತ್ರಿಯ ತುರ್ತಿಗೆ ಅದೊಂದನ್ನೇ ನಂಬಬೇಡಿ.

ಅಂಕೋಲಾದಿಂದ:

ಎಲ್ಲರೂ ಹೇಳಿದ್ದು ಸರಿ. ಆದರೆ ಎಲ್ಲಕ್ಕಿಂತ ಮೊದಲು ಆ ನಂಬರ್ ಯಾರ ಹೆಸರಲ್ಲಿದೆ ಎಂದು ನೋಡಿ. ಹದಿನೈದು ವರ್ಷದ ಹಿಂದೆ ಮನೆಯಲ್ಲಿ ಯಾರ ದಾಖಲೆ ಕೈಗೆ ಸಿಕ್ಕಿತೋ ಅದನ್ನು ಕೊಟ್ಟು ಸಿಮ್ ತರುತ್ತಿದ್ದರು. ನನ್ನ ಅಮ್ಮನ ನಂಬರ್ ತೀರಿಹೋದ ಅಪ್ಪನ ಹೆಸರಲ್ಲಿತ್ತು. ಮೊದಲು ಮರಣ ಪ್ರಮಾಣಪತ್ರ, ಮನೆಯವರ ಒಪ್ಪಿಗೆ ಪತ್ರ ಕೊಟ್ಟು ಹೆಸರು ವರ್ಗ ಮಾಡಿಸಬೇಕಾಯಿತು, ಸಿಮ್ ಆಮೇಲೆ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಆಯಿಯ ನಂಬರ್ ಹಾಕಿ, ಬರುವ ಒಟಿಪಿ ಕೊಟ್ಟರೆ ಅದೇ ಗುರುತಿನ ಮೇಲೆ ಎಷ್ಟು ನಂಬರ್ ಇವೆ ಎಂದು ತೋರಿಸುತ್ತದೆ. ನೀವು ಬೆಂಗಳೂರಲ್ಲೇ ಕೂತು ನೋಡಬಹುದು, ಒಟಿಪಿ ಮಾತ್ರ ಆಯಿ ಓದಿ ಹೇಳಬೇಕು.

ಕೇಳಿದವರು:

ಅಂಕೋಲಾದವರಿಗೆ ದೊಡ್ಡ ನಮಸ್ಕಾರ. ನೋಡಿದೆ. ಪಟ್ಟಿಯಲ್ಲಿ ಎರಡು ನಂಬರ್ ಬಂತು, ಒಂದು ಆಯಿಯದು, ಇನ್ನೊಂದರ ಕೊನೆಯ ಅಂಕಿಗಳು ನಮ್ಮ ದೊಡ್ಡಪ್ಪನ ನಂಬರಿನವು. ಆಯಿಗೆ ಕೇಳಿದರೆ, ‘ಹೌದು, ಅವತ್ತು ಶಿರಸಿಗೆ ಹೋಗಿ ಎರಡೂ ಸಿಮ್ ತಂದವರು ಅವರೇ’ ಎಂದಳು. ಅಂದರೆ ಆಯಿಯ ನಂಬರೂ ದೊಡ್ಡಪ್ಪನ ಹೆಸರಲ್ಲೇ ಇದೆ. ಅವರಿಗೆ ಫೋನ್ ಮಾಡಿದ್ದೇನೆ, ಚೌತಿಗೆ ಮೊದಲ ದಿನವೇ ಬರುತ್ತಾರಂತೆ.

ಕೇಳಿದವರು, ಚೌತಿ ಮುಗಿದ ಮೇಲೆ:

ಆಯಿತು. ಗಣಪತಿ ತರುವ ಮೊದಲ ದಿನ ಬೆಳಿಗ್ಗೆಯೇ ಆಯಿ, ದೊಡ್ಡಪ್ಪ ಇಬ್ಬರನ್ನೂ ಕಾರಲ್ಲಿ ಕೂರಿಸಿಕೊಂಡು ಶಿರಸಿಗೆ ಹೋದೆ. ಎಣ್ಣೆ ತಿಕ್ಕಿ ತೊಳೆದುಕೊಂಡು ಹೋಗಿದ್ದರಿಂದ ದೊಡ್ಡಪ್ಪನ ತೋರುಬೆರಳು ಎರಡನೇ ಸಲಕ್ಕೆ ತೆಗೆದುಕೊಂಡಿತು. ಸಿಮ್ ಅವರ ಹೆಸರಲ್ಲೇ ಬದಲಾಯಿತು. ಆಯಿಯ ಹೆಸರಿಗೆ ವರ್ಗ ಮಾಡುವ ಅರ್ಜಿ ಬೇರೆ ಕೊಡಬೇಕಂತೆ, ದೀಪಾವಳಿಗೆ ಬಂದಾಗ ಕೊಡುತ್ತೇನೆ. ಹೊಸ ಸಿಮ್ ಮಧ್ಯಾಹ್ನ ಮೂರರ ಹೊತ್ತಿಗೆ ಚಾಲೂ ಆಯಿತು, ಎಸ್‌ಎಂಎಸ್ ಮರುದಿನ ಸಂಜೆಯಿಂದ. ಹಬ್ಬದ ದಿನವಾದ್ದರಿಂದ ಯಾರಿಗೂ ಒಟಿಪಿ ಬೇಕಾಗಲಿಲ್ಲ.

ಫೋನಿನಲ್ಲಿ ಬ್ಯಾಂಡ್ 28 ಇದೆ. ಜಗಲಿಯಲ್ಲಿ, ಅಂಗಳದಲ್ಲಿ 4ಜಿ ಬರುತ್ತದೆ. ಅಡುಗೆಮನೆಗೆ ಹೋದರೆ 2ಜಿಗೆ ಇಳಿಯುತ್ತದೆ, ಮಾತು ತುಂಡಾಗುವುದಿಲ್ಲ. ಅಮೆರಿಕದಲ್ಲಿರುವ ನನ್ನ ಅಕ್ಕ ನಿನ್ನೆ ವಿಡಿಯೋ ಕಾಲ್ ಮಾಡಿ ಮಂಟಪದ ಫಲಾವಳಿ ಪೂರ್ತಿ ನೋಡಿದಳು. ಆಯಿ ಒಂದೊಂದೇ ಕಾಯಿ ತೋರಿಸುತ್ತ ಇಪ್ಪತ್ತು ನಿಮಿಷ ನಿಂತಿದ್ದಳು. ಫೈಬರ್ ಲೈನ್ ನಮ್ಮ ಕೇರಿಯ ತನಕ ಬಂದಿಲ್ಲ, ಕೇಳಿಟ್ಟಿದ್ದೇನೆ.

ಒಂದೇ ತೊಂದರೆ. ಹಳೇ ಸಿಮ್ ಮನೆಗೆ ತಂದೆ, ಆದರೆ ಫೋನಿಗೆ ಹಾಕಿದರೆ ಪಿನ್ ಕೇಳುತ್ತಿದೆ. ಆಯಿಗೆ ನೆನಪಿಲ್ಲ. ಎಂಬತ್ತು ನಂಬರ್ ಮೊದಲೇ ಬರೆದುಕೊಂಡಿದ್ದೇವೆ, ಇನ್ನೂ ಕೆಲವು ಅದರೊಳಗೆ ಉಳಿದಿವೆ ಎನ್ನುತ್ತಾಳೆ.

ಕುಮಟಾದಿಂದ, ಮೊಬೈಲ್ ರಿಪೇರಿ ಮಾಡುವವರು:

ಪಿನ್ ಊಹಿಸಿ ಒತ್ತಬೇಡಿ. ಮೂರು ಸಲ ತಪ್ಪಾದರೆ ಲಾಕ್ ಆಗಿ, ಆ ಲಾಕ್ ತೆಗೆಯುವ ಪಿಯುಕೆ ಎಂಬ ಸಂಖ್ಯೆ ಕೇಳುತ್ತದೆ, ಅದು ಹತ್ತು ಸಲ ತಪ್ಪಾದರೆ ಕಾರ್ಡ್ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಸಿಮ್ ಕೊಂಡಾಗ ಅದು ಕೂತಿದ್ದ ದೊಡ್ಡ ಪ್ಲಾಸ್ಟಿಕ್ ಕಾರ್ಡ್ ಮನೆಯಲ್ಲಿದೆಯಾ ನೋಡಿ, ಎಷ್ಟೋ ಕಂಪನಿಗಳು ಅದರ ಮೇಲೇ ಪಿನ್, ಪಿಯುಕೆ ಮುದ್ರಿಸಿರುತ್ತಿದ್ದವು. ದೊಡ್ಡಪ್ಪನ ಪೆಟ್ಟಿಗೆಯಲ್ಲೂ ಹುಡುಕಿ, ಸಿಮ್ ತಂದವರು ಅವರಲ್ಲವಾ.