ಹಿಮೋಫಿಲಿಯಾ ಇದ್ದವರಿಗೆ ಚರ್ಮ ಕಸಿ: ಮಾಡಿಸಿಕೊಂಡವರು ಹೇಳಿ

ನನ್ನ ತಮ್ಮನಿಗೆ 24 ವರ್ಷ. ತೀವ್ರ ಹಿಮೋಫಿಲಿಯಾ ಎ. ರಕ್ತ ಸರಿಯಾಗಿ ಹೆಪ್ಪುಗಟ್ಟದ, ಹುಟ್ಟಿನಿಂದ ಬಂದ ಕಾಯಿಲೆ ಅದು. ಚಿಕ್ಕವನಿದ್ದಾಗ ಬಲಗೈ ಸುಟ್ಟಿತ್ತು. ಗಾಯ ಮಾಯಿತು, ಆದರೆ ಚರ್ಮ ಬಿಗಿದು ಎರಡು ಬೆರಳು ಮಡಚಿಕೊಂಡೇ ನಿಂತಿವೆ. ಪೆನ್ನು ಹಿಡಿಯುವುದೂ ಕಷ್ಟ. ಬಿಗಿತ ಬಿಡಿಸಿ ಬೇರೆ ಕಡೆಯ ಚರ್ಮ ಕಸಿ ಮಾಡಬಹುದು ಎಂದು ಪ್ಲಾಸ್ಟಿಕ್ ಸರ್ಜನ್ ಹೇಳಿದ್ದಾರೆ. ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾರೆ. ಹಿಂದೆ ಹಲ್ಲು ಕಿತ್ತಾಗಲೇ ನಾಲ್ಕು ದಿನ ರಕ್ತ ನಿಂತಿರಲಿಲ್ಲ. ನಾವು ಏನು ಕೇಳಬೇಕು, ಯಾವುದಕ್ಕೆ ತಯಾರಾಗಬೇಕು?

*

ಅಕ್ಕಾ, ನನಗೂ ತೀವ್ರ ಹಿಮೋಫಿಲಿಯಾ ಎ. ಮೊಣಕಾಲಿನ ಕೆಳಗೆ ಎರಡು ಸಲ ಚರ್ಮ ಕಸಿ ಆಗಿದೆ. ಮೊದಲ ಸಲದ್ದು ಅರ್ಧ ಹಿಡಿಯಲೇ ಇಲ್ಲ. ಯಾಕೆ ಅನ್ನುವುದನ್ನೇ ನಿಮಗೆ ಹೇಳಬೇಕು.

ಎಲ್ಲರೂ ಹೆದರಿದ್ದು ಆಪರೇಷನ್ನಿನ ಆ ಎರಡು ಗಂಟೆಗೆ. ಅದು ಸಲೀಸಾಗಿ ಕಳೆಯಿತು. ಎರಡು ದಿನ ಸರಿಯಾಗಿ ಫ್ಯಾಕ್ಟರ್ ಕೊಟ್ಟರು, ಅಂದರೆ ನಮ್ಮ ರಕ್ತದಲ್ಲಿ ಕೊರತೆ ಇರುವ, ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನ್. ಮೂರನೇ ದಿನ ರಕ್ತ ಕಾಣುತ್ತಿಲ್ಲವಲ್ಲ ಎಂದು ಡೋಸ್ ಇಳಿಸಿದರು. ಐದನೇ ದಿನ ಡ್ರೆಸಿಂಗ್ ಬಿಚ್ಚಿದಾಗ ಹೊಸ ಚರ್ಮದ ನಡುವೆ ಅರ್ಧ ಅಂಗೈಯಷ್ಟು ಕಪ್ಪು ಉಬ್ಬು. ಸರ್ಜನ್ ಮೆಲ್ಲಗೆ ಬೆರಳಿಟ್ಟರೆ ಅಷ್ಟೂ ಚರ್ಮ ಅಲುಗುತ್ತಿತ್ತು. ಕೆಳಗೆ ರಕ್ತ ಹೆಪ್ಪುಗಟ್ಟಿ ಕೂತಿತ್ತು.

ಕಸಿ ಮಾಡಿದ ಚರ್ಮಕ್ಕೆ ಶುರುವಿನಲ್ಲಿ ರಕ್ತದ ಸಂಪರ್ಕ ಇರುವುದಿಲ್ಲ. ಮೊದಲ ಒಂದೆರಡು ದಿನ ಕೆಳಗಿನ ಗಾಯದಿಂದ ಜಿನುಗುವ ನೀರು ಹೀರಿಯೇ ಬದುಕುತ್ತದೆ. ಆಮೇಲೆ ಸಣ್ಣ ಸಣ್ಣ ನಾಳಗಳು ಬಂದು ಕೂಡಿಕೊಳ್ಳುತ್ತವೆ. ನಡುವೆ ರಕ್ತ ನಿಂತರೆ ಆ ನಾಳಗಳು ಮೇಲೆ ಮುಟ್ಟುವುದಿಲ್ಲ, ಚರ್ಮ ಸತ್ತುಹೋಗುತ್ತದೆ. ಹೊರಗೆ ಸುರಿಯುವ ರಕ್ತಕ್ಕೆ ಎಲ್ಲರೂ ಓಡಿ ಬರುತ್ತಾರೆ. ಡ್ರೆಸಿಂಗ್ ಒಳಗೆ ಒಂದು ಚಮಚ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ.

ಎರಡನೇ ಸಲ ಹೆಮಟಾಲಜಿಸ್ಟ್ (ರಕ್ತದ ಕಾಯಿಲೆಯ ವೈದ್ಯರು) ಮತ್ತು ಸರ್ಜನ್ ಒಟ್ಟಿಗೆ ಕೂತು, ಯಾವ ದಿನ ಎಷ್ಟು ಮಟ್ಟ ಇರಬೇಕು ಎಂದು ಒಂದು ಹಾಳೆಯಲ್ಲಿ ಬರೆದರು. ವರ್ಲ್ಡ್ ಫೆಡರೇಶನ್ ಆಫ್ ಹಿಮೋಫಿಲಿಯಾ ದೊಡ್ಡ ಆಪರೇಷನ್‌ಗೆ ಹೇಳುವ ಮಟ್ಟವನ್ನೇ ಹಿಡಿದರು. ಆಪರೇಷನ್‌ಗೆ ಮುಂಚೆ ರಕ್ತದಲ್ಲಿ ಫ್ಯಾಕ್ಟರ್ 8, ಮಾಮೂಲಿ ಜನರಲ್ಲಿ ಇರುವುದರ ಶೇ. 80ರಿಂದ 100. ಮೊದಲ ಮೂರು ದಿನ 60ರಿಂದ 80. ನಾಲ್ಕರಿಂದ ಆರನೇ ದಿನ 40ರಿಂದ 60. ಏಳರಿಂದ ಹದಿನಾಲ್ಕನೇ ದಿನದವರೆಗೆ 30ರಿಂದ 50. ನಿಮ್ಮ ತಮ್ಮನಿಗೆ ಎಷ್ಟು ಬೇಕು ಅನ್ನುವುದನ್ನು ಅವರ ವೈದ್ಯರೇ ಹೇಳಬೇಕು. ಆದರೆ ಎರಡು ವಾರದ ಲೆಕ್ಕ ಬರಹದಲ್ಲಿ ಕೇಳಿ, ಬಿಡಬೇಡಿ.

ಸ್ಟಾಕನ್ನೂ ಮೊದಲೇ ಎಣಿಸಿಕೊಳ್ಳಿ. ಕೆಜಿಗೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ಮಟ್ಟ ಸುಮಾರು ಶೇ. 2 ಏರುತ್ತದೆ. 60 ಕೆಜಿಯವರನ್ನು ಸೊನ್ನೆಯಿಂದ 100ಕ್ಕೆ ತರಲು 3000 ಯೂನಿಟ್ ಬೇಕು. ಅದು ಬರೀ ಮೊದಲ ಡೋಸ್. 8ರಿಂದ 12 ಗಂಟೆಯಲ್ಲಿ ಅರ್ಧ ಇಳಿದುಹೋಗುತ್ತದೆ. ಹದಿನಾಲ್ಕು ದಿನಕ್ಕೂ ಆಗುವಷ್ಟು ಕೈಯಲ್ಲಿ ಇಲ್ಲದಿದ್ದರೆ ತಾರೀಕು ಮುಂದೆ ಹಾಕಿಸಿ. ಮೊದಲ ಸಲದ ನೋವು ಉಂಡವನಾಗಿ ಕೈಮುಗಿದು ಹೇಳುತ್ತಿದ್ದೇನೆ.

ಇನ್ಹಿಬಿಟರ್ ಪರೀಕ್ಷೆ ಹೊಸದಾಗಿ ಮಾಡಿಸಿ. ಇನ್ಹಿಬಿಟರ್ ಅಂದರೆ ಕೊಟ್ಟ ಫ್ಯಾಕ್ಟರ್ ಕೆಲಸ ಮಾಡದಂತೆ ತಡೆಯುವ, ಮೈಯಲ್ಲೇ ಹುಟ್ಟುವ ಪ್ರತಿಕಾಯ. ಹಳೇ ರಿಪೋರ್ಟ್ ಸಾಲದು. ಇನ್ಹಿಬಿಟರ್ ಇದ್ದರೆ ಕೊಟ್ಟ ಫ್ಯಾಕ್ಟರ್ ನೀರಿನಲ್ಲಿ ಹೋಮ ಮಾಡಿದಂತೆ, ಔಷಧವೇ ಬೇರೆ ಬೇಕಾಗುತ್ತದೆ. ತಮ್ಮ ಎಮಿಸಿಜುಮ್ಯಾಬ್ (ರಕ್ತಸ್ರಾವ ಆಗದಂತೆ ಮುಂಚೆಯೇ ಕೊಡುವ ಇಂಜೆಕ್ಷನ್) ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಪ್ರತಿಯೊಬ್ಬರಿಗೂ ಹೇಳಿ. ಆಗ ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಮಾಮೂಲಿ ಎಪಿಟಿಟಿ ಪರೀಕ್ಷೆ ನಾರ್ಮಲ್ ಅಂತಲೇ ಬರುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ. ಫ್ಯಾಕ್ಟರ್ ಮಟ್ಟ ನೋಡುವುದಕ್ಕೂ ಬೇರೆ ಬಗೆಯ ಪರೀಕ್ಷೆ ಬೇಕು.

*

ನನ್ನ ಮಗಳಿಗೆ ವಾನ್ ವಿಲ್ಲೆಬ್ರಾಂಡ್ ಎಂಬ, ರಕ್ತ ಬೇಗ ನಿಲ್ಲದ ಇನ್ನೊಂದು ಕಾಯಿಲೆ, ಟೈಪ್ 1. ಹುಟ್ಟುವಾಗಲೇ ಒಂದು ಕಿವಿ ಪೂರ್ತಿ ಬೆಳೆದಿರಲಿಲ್ಲ. ಪಕ್ಕೆಲುಬಿನ ಮೃದ್ವಸ್ಥಿ ತೆಗೆದು ಕಿವಿ ಕಟ್ಟಿದರು. ನೋಡಮ್ಮಾ, ಇಂಥ ಆಪರೇಷನ್ನಿನಲ್ಲಿ ಗಾಯ ಎರಡು. ನಾವೆಲ್ಲ ಕಿವಿಯನ್ನೇ ನೋಡುತ್ತಾ ಕೂತಿದ್ದೆವು. ಅವಳಿಗೆ ತೊಂದರೆ ಕೊಟ್ಟದ್ದು ಎದೆಯ ಗಾಯ, ಅಲ್ಲಿ ಊತ ಬಂತು. ನಿಮ್ಮ ತಮ್ಮನಿಗೂ ಚರ್ಮ ತೆಗೆದ ಜಾಗ ಯಾವುದು, ಅದನ್ನು ಹೊಲಿಯುತ್ತಾರಾ ಅಥವಾ ಹಾಗೇ ಮಾಯಲು ಬಿಡುತ್ತಾರಾ ಕೇಳಿ. ತೆಳುವಾಗಿ ಹೆರೆದು ತೆಗೆದರೆ ಅಷ್ಟಗಲವೂ ಜಿನುಗುತ್ತದಂತೆ. ಪೂರ್ತಿ ದಪ್ಪದ ಚರ್ಮ ತೆಗೆದರೆ ಸಾಮಾನ್ಯವಾಗಿ ಹೊಲಿದುಬಿಡುತ್ತಾರೆ.

ಅವಳಿಗೆ ಡೆಸ್ಮೋಪ್ರೆಸಿನ್ ಎಂಬ, ಮೈಯಲ್ಲೇ ಇರುವ ಫ್ಯಾಕ್ಟರ್ ಮಟ್ಟ ಏರಿಸುವ ಔಷಧ ಕೊಟ್ಟರು. ಅದಕ್ಕೂ ಕೆಲವು ವಾರ ಮುಂಚೆ ಒಂದು ಸಲ ಕೊಟ್ಟು, ಮಟ್ಟ ಏರುತ್ತದಾ ಎಂದು ರಕ್ತ ತೆಗೆದು ನೋಡಿದ್ದರು. ಎಲ್ಲರಿಗೂ ಅದು ಹಿಡಿಯುವುದಿಲ್ಲ. ಕೊಟ್ಟ ಮೇಲೆ ನೀರು ಅಳೆದು ಕುಡಿಸಬೇಕು, ಜಾಸ್ತಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಬಾಯಾರಿಕೆ ಎಂದು ಅಳುತ್ತಿದ್ದಳು, ಒದ್ದೆ ಹತ್ತಿಯಲ್ಲಿ ತುಟಿ ಒರೆಸುತ್ತಾ ಇಡೀ ರಾತ್ರಿ ಕಳೆದೆ. ಈಗ ಆ ಕಿವಿಯ ಹಿಂದೆ ಕೂದಲು ಸಿಕ್ಕಿಸಿಕೊಂಡು ಕನ್ನಡಿ ನೋಡುತ್ತಾಳೆ. ಅಮ್ಮನಿಗೆ ಇದನ್ನೂ ಹೇಳಿ.

*

ನಾನು ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್. ಮೇಲೆ ಹೇಳಿದ್ದರಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಆಪರೇಷನ್ ದಿನ ಕೊಡುವ ಹಾಗೆ ಮೊದಲ ಡ್ರೆಸಿಂಗ್ ಬಿಚ್ಚುವ ದಿನ, ಹೊಲಿಗೆ ತೆಗೆಯುವ ದಿನ, ಫಿಸಿಯೋಥೆರಪಿ ಶುರು ಮಾಡುವ ದಿನವೂ ಮುಂಚೆಯೇ ಫ್ಯಾಕ್ಟರ್ ಬೇಕಾಗಬಹುದು. ಅಂಟಿದ ಗಾಜ್ ಒಣಗಿದ್ದಾಗ ಎಳೆದರೆ ಹೊಸ ಚರ್ಮವೂ ಜೊತೆಗೆ ಬರುತ್ತದೆ. ಸಲೈನ್ ಹಾಕಿ, ಹತ್ತು ನಿಮಿಷ ನೆನೆಯಲು ಬಿಡಿ ಎಂದು ಕೇಳಲು ಸಂಕೋಚ ಬೇಡ. ಬೆರಳಿಗೆ ಕಸಿ ಆದವರಿಗೆ ಸ್ಪ್ಲಿಂಟ್ (ಬೆರಳು ನೆಟ್ಟಗೆ ಹಿಡಿದಿಡುವ ಪಟ್ಟಿ) ತಿಂಗಳುಗಟ್ಟಲೆ ಬೇಕು, ಇಲ್ಲದಿದ್ದರೆ ಮತ್ತೆ ಮಡಚಿಕೊಳ್ಳುತ್ತವೆ. ರಕ್ತಕ್ಕೆ ಹೆದರಿ ವ್ಯಾಯಾಮ ಬಿಟ್ಟವರ ಕೈ ಮತ್ತೆ ಬಿಗಿದದ್ದನ್ನು ನೋಡಿ ಸಂಕಟಪಟ್ಟಿದ್ದೇನೆ.

ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಪ್ಯಾರಾಸಿಟಮಾಲ್ ನಡೆಯುತ್ತದೆ. ಮಾಂಸಖಂಡಕ್ಕೆ ಇಂಜೆಕ್ಷನ್ ಬೇಡ ಎಂದು ಕೇಸ್ ಶೀಟ್ ಮೇಲೆಯೇ ದೊಡ್ಡದಾಗಿ ಬರೆಸಿ. ರಾತ್ರಿ ಡ್ಯೂಟಿ ಬದಲಾದಾಗ ಇದೇ ಮರೆತುಹೋಗುವುದು. ಬ್ಯಾಂಡೇಜ್ ಒಳಗೆ ಇದ್ದಕ್ಕಿದ್ದಂತೆ ನೋವು ಜಾಸ್ತಿಯಾದರೆ, ಬೆರಳ ತುದಿ ತಣ್ಣಗಾದರೆ, ಬಣ್ಣ ಬದಲಾದರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಕರೆಯಿರಿ.

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ನಿನ್ನೆ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಕಿವಿಯ ವಿಷಯ ಬಂದಾಗ ಇನ್ನೊಂದು ಸಲ ಓದು ಅಂದರು. ಬೆಳಿಗ್ಗೆ ಇನ್ಹಿಬಿಟರ್ ಪರೀಕ್ಷೆಗೆ ರಕ್ತ ಕೊಟ್ಟು ಬಂದೆವು. ಹೆಮಟಾಲಜಿಸ್ಟ್ ಮತ್ತು ಸರ್ಜನ್ ಇಬ್ಬರೂ ಒಟ್ಟಿಗೆ ಸಿಗುವ ದಿನ ಕೇಳಿದ್ದೇನೆ, ಮುಂದಿನ ವಾರ ಕೊಟ್ಟಿದ್ದಾರೆ. ಅಷ್ಟರಲ್ಲಿ ನಮ್ಮ ಹತ್ತಿರ ಎಷ್ಟು ವಯಲ್ ಇದೆ ಎಂದು ತಮ್ಮ ಎಡಗೈಯಲ್ಲಿ ಪಟ್ಟಿ ಬರೆಯುತ್ತಿದ್ದಾನೆ.